ಕಣ್ಣು ಕಾಣದ ಮರಿ, ಸಾಕಬಹುದಾ?

ಕುಮಾರಪಟ್ಟಣದ ಹೊಳೆ ದಂಡೆಯಲ್ಲಿ
ಕಣ್ಣು ಕಾಣದ ನಾಯಿಮರಿ ಸಿಕ್ತು.
ಸಾಕೋಕೆ ಆಗುತ್ತಾ?

ಖಂಡಿತ ಆಗುತ್ತೆ.

ಮೊದಲು ಪಶು ಆಸ್ಪತ್ರೆಗೆ ಒಯ್ಯಿರಿ.
ಬರೀ ಕೀವು ಕಟ್ಟಿ ರೆಪ್ಪೆ ಅಂಟಿದ್ದರೆ,
ಬೇಗ ಔಷಧಿ ಬಿದ್ದರೆ
ಕಣ್ಣು ಉಳಿಯಬಹುದು.

ಉಳೀಲಿಲ್ವಾ? ಹೆದರಬೇಡಿ.
ಎಲ್ಲ ನಾಯಿಮರಿಗಳೂ ಹುಟ್ಟೋದೇ ಕಣ್ಣು ಮುಚ್ಚಿಕೊಂಡು.
ಸುಮಾರು 2 ವಾರ
ವಾಸನೆ ಹಿಡಿದೇ ತಾಯಿ ಹಾಲು ಹುಡುಕ್ತಾವೆ.

ಕರೆಂಟ್ ಹೋದ ರಾತ್ರಿ
ಕತ್ತಲಲ್ಲೇ ಅಡುಗೆಮನೆಗೆ ಹೋಗಿ
ನೀರು ಕುಡಿದು ಬರ್ತೀರಲ್ಲ?
ಇದಕ್ಕೂ ಮನೆ ಹಾಗೇ ಬಾಯಿಪಾಠ ಆಗುತ್ತೆ.
ಅದಕ್ಕೇ ಮಂಚ, ಕುರ್ಚಿ, ನೀರಿನ ಬಟ್ಟಲು
ಇದ್ದಲ್ಲೇ ಇರಲಿ.

ಮುಟ್ಟೋ ಮೊದಲು ಹೆಸರು ಹಿಡಿದು ಕರೀರಿ.
ಇಲ್ಲಾಂದ್ರೆ ಬೆಚ್ಚಿ ಬೀಳುತ್ತೆ, ಪಾಪ.

3 ತಿಂಗಳಾದ ಕೂಡಲೇ ರೇಬೀಸ್ ಲಸಿಕೆ ಹಾಕಿಸಿ.

ಹೊರಗೆ ಹೋದಾಗ ಮಾತ್ರ
ಬೆಲ್ಟ್ ಬಿಚ್ಚಲೇಬೇಡಿ.
ನಮ್ಮದು ಲಾರಿ ಓಡಾಡೋ ಊರು.