ತಾತನ ಪಿಸ್ತೂಲು, ಸೀಸದ ಗುಂಡು

ಹೋದ ಸೆಮಿಸ್ಟರ್ ರಜೆ ಮುಗಿಸಿ ಬಂದ ಗೆಳೆಯನೊಬ್ಬ (ಊರು ಅರಕಲಗೂಡು ಕಡೆ, ಬ್ರಾಂಚ್ ಮೆಕ್ಯಾನಿಕಲ್, ಹೆಸರು ಬೇಡ) ಹಾಸ್ಟೆಲ್ ರೂಮಿನ ಬಾಗಿಲು ಹಾಕ್ಕೊಂಡು ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಹಳೇ ಟ್ರಂಕಿನ ತಳದಲ್ಲಿ ಮಿಲಿಟರಿ ಹಸಿರು ಬಟ್ಟೆ, ಅದರ ಮೇಲೆ ಒಂದು .38 ರಿವಾಲ್ವರ್, ಪಕ್ಕದಲ್ಲಿ ಲೈಸೆನ್ಸ್ ಪುಸ್ತಕ. ಸೈನ್ಯದಲ್ಲಿದ್ದ ಅವನ ತಾತನದು. ತಾತ ತೀರಿಕೊಂಡು ಆರು ತಿಂಗಳಾಗಿತ್ತು.

"ಮಗಾ, ಅಮೆರಿಕದೋರು ಇಂಥ ಹಳೇ ಮಿಲಿಟರಿ ಪಿಸ್ತೂಲಿಗೆ ಮನೇಲೇ ಸೀಸ ಕರಗಿಸಿ ಗುಂಡು ಎರಕ ಹೊಯ್ತಾರೆ. ನಮ್ ಫೌಂಡ್ರಿ ಲ್ಯಾಬಲ್ಲಿ ಆಗಲ್ವಾ?"

ತಮಾಷೆಗೆ ಕೇಳಿದನೋ ನಿಜವಾಗಿ ಕೇಳಿದನೋ ಗೊತ್ತಾಗಲಿಲ್ಲ. ಲೋಹದ ಲೆಕ್ಕದಲ್ಲಿ ಮಾತ್ರ ಅವನ ಪ್ರಶ್ನೆ ದಡ್ಡತನದ್ದಲ್ಲ.

ಸೀಸ ನಮಗೆ ಹೊಸದೇನಲ್ಲ. ಹೊಳೆನರಸೀಪುರದಲ್ಲಿ ಹೇಮಾವತಿಗೆ ಬೀಸುಬಲೆ ಎಸೆಯೋರನ್ನು ನೋಡಿದ್ದರೆ ಬಲೆಯ ಅಂಚಿನಲ್ಲಿ ಸಾಲಾಗಿ ಕಟ್ಟಿರುವ ತೂಕದ ಮಣಿಗಳು ನೆನಪಿರುತ್ತವೆ. ಅಲ್ಲಿಗೆ ಸೀಸವನ್ನೇ ಆರಿಸುವ ಕಾರಣವೇ ಗುಂಡಿಗೂ. ಸಾಂದ್ರತೆ 11.3, ಕಬ್ಬಿಣದ್ದು 7.9. ಸಣ್ಣ ಗಾತ್ರದಲ್ಲಿ ಹೆಚ್ಚು ತೂಕ. ಮೇಲಾಗಿ 327 ಡಿಗ್ರಿಗೇ ಕರಗುತ್ತದೆ, ಬೀಡುಕಬ್ಬಿಣ ಕರಗಿಸೋಕೆ 1,200ರ ಹತ್ತಿರ ಹೋಗಬೇಕು. ಎನ್‌ಸಿಸಿ ಕ್ಯಾಂಪಿನಲ್ಲಿ .22 ರೈಫಲ್ ಹೊಡೆದಿದ್ದೀರಾ? ಹಾಗಾದರೆ ಸೀಸದ ಗುಂಡು ಹೊಡೆದಿದ್ದೀರಿ. ಸಾಮಾನ್ಯ .22 ಗುಂಡಿಗೆ ತಾಮ್ರದ ಕವಚ ಇರುವುದಿಲ್ಲ, 2.6 ಗ್ರಾಂ ಸೀಸ, ಮೇಲೆ ಸ್ವಲ್ಪ ಜಾರುಮೇಣ, ಅಷ್ಟೆ.

ಹಳೇ ಬ್ರಿಟಿಷ್ ಸರ್ವಿಸ್ ರಿವಾಲ್ವರುಗಳೂ ಸೀಸಕ್ಕಾಗಿಯೇ ರೂಪಿಸಿದವು. (ನಮ್ಮ ಕಡೆ ಎರಡಕ್ಕೂ ಪಿಸ್ತೂಲು ಅಂತಲೇ ಅನ್ನೋದು. ತೋಟಾ ತುಂಬುವ ತಿರುಗು ಉರುಳೆ ಇದ್ದರೆ ರಿವಾಲ್ವರ್.) ಮೊದಲ ಮಹಾಯುದ್ಧದ ವೆಬ್ಲಿ .455ರ ಗುಂಡು 265 ಗ್ರೇನ್, ಅಂದರೆ 17 ಗ್ರಾಂ. ವೇಗ ಸೆಕೆಂಡಿಗೆ ಸುಮಾರು 190 ಮೀಟರ್. ಅರ್ಧ ಎಂ ವಿ ಸ್ಕ್ವೇರ್ ಹಾಕಿ: ಸುಮಾರು 310 ಜೌಲ್. ಇವತ್ತಿನ 9 ಎಂಎಂ ಪಿಸ್ತೂಲಿನ 8 ಗ್ರಾಂ ಗುಂಡು ಸುಮಾರು 360 ಮೀಟರ್ ವೇಗದಲ್ಲಿ ಹೋದರೆ 520 ಜೌಲ್. ವೆಬ್ಲಿ ಎತ್ತಿನ ಗಾಡಿ: ಭಾರ, ನಿಧಾನ. ಆ ನಿಧಾನದಲ್ಲಿ ಮೆತ್ತನೆಯ ಸೀಸಕ್ಕೆ ತೊಂದರೆಯಿಲ್ಲ. ವೇಗ ಏರಿದಂತೆ ಸೀಸ ನಳಿಗೆಯೊಳಗಿನ ಸುರುಳಿ ಗೆರೆಗಳಿಗೆ ಮೆತ್ತಿಕೊಳ್ಳುತ್ತದೆ, ಗುರಿ ಕೆಡುತ್ತದೆ. ಅದಕ್ಕೇ ತಾಮ್ರದ ಕವಚ ಬಂದದ್ದು.

ಹಾಗಾದರೆ ಗಟ್ಟಿ ಸೀಸ ಹಾಕಿದರೆ ಆಯ್ತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಶುದ್ಧ ಸೀಸದ ಬ್ರಿನೆಲ್ ಗಡಸುತನ ಸುಮಾರು 5. ಆಂಟಿಮನಿ, ತವರ ಬೆರೆಸಿದರೆ ಏರುತ್ತದೆ. ಲೈನೋಟೈಪ್ ಯಂತ್ರದಲ್ಲಿ ಅಕ್ಷರ ಎರಕ ಹೊಯ್ಯುತ್ತಿದ್ದ ಮಿಶ್ರಲೋಹದ್ದು 22ರ ಆಸುಪಾಸು. ಹಳೇ ಪ್ರೆಸ್ಸುಗಳ ಅಚ್ಚಿನ ಮೊಳೆ ಇದರದೇ ನೆಂಟ. ಹಾಸನದ ಬಿ.ಎಂ. ರೋಡಿನ ಟೈರ್ ಅಂಗಡಿಯಲ್ಲಿ ಚಕ್ರಕ್ಕೆ ಬಡಿಯುವ ಬ್ಯಾಲೆನ್ಸಿಂಗ್ ತೂಕವೂ, ಸೀಸದ್ದಾದರೆ, ಆಂಟಿಮನಿ ಬೆರೆತದ್ದೇ. ಆದರೆ ಗುಂಡು ನಳಿಗೆಯನ್ನು ಗಾಳಿ ಆಡದ ಹಾಗೆ ಮುಚ್ಚಬೇಕು. ಮೆತ್ತನೆ ಗುಂಡಿನ ಬುಡ ಹಿಂದಿನ ಅನಿಲದ ಒತ್ತಡಕ್ಕೆ ಹಿಗ್ಗಿ ಗೆರೆಗಳನ್ನು ತುಂಬಿಕೊಳ್ಳುತ್ತದೆ. ವೆಬ್ಲಿ ಗುಂಡಿನ ಬುಡ ಟೊಳ್ಳಾಗಿದ್ದದ್ದು ಇದಕ್ಕೇ. ಹಳೇ ರಿವಾಲ್ವರಿನ ಕಡಿಮೆ ಒತ್ತಡಕ್ಕೆ ಗಟ್ಟಿ ಗುಂಡು ಹಿಗ್ಗುವುದಿಲ್ಲ. ಸಂದಿಯಲ್ಲಿ ಬಿಸಿ ಅನಿಲ ನುಗ್ಗಿ ಗುಂಡಿನ ಪಕ್ಕವನ್ನೇ ಕರಗಿಸಿ ನಳಿಗೆಗೆ ಬಳಿಯುತ್ತದೆ. ಗಟ್ಟಿ ಮಾಡಿದಷ್ಟೂ ಮೆತ್ತಿಕೊಳ್ಳುವ ಸೀಸ! ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪೇಪರಿನಲ್ಲಿ ಇದನ್ನು ಯಾಕೆ ಕೇಳಲ್ಲವೋ.

ಆಮೇಲೆ ಬಂದ .38 ರಿವಾಲ್ವರಿಗೂ ಮೊದಲು 200 ಗ್ರೇನಿನ ಬರಿ ಸೀಸದ ಗುಂಡೇ. ಎರಡನೇ ಮಹಾಯುದ್ಧಕ್ಕೆ ಮುಂಚೆ ಅದನ್ನು ಬಿಟ್ಟು 178 ಗ್ರೇನಿನ ಕವಚದ ಗುಂಡಿಗೆ ಬಂದರು. ಈ ಸಲ ಕಾರಣ ಲೋಹವಲ್ಲ, ಕಾನೂನು. ಮೈಯೊಳಗೆ ಸುಲಭವಾಗಿ ಅರಳುವ, ಚಪ್ಪಟೆಯಾಗುವ ಗುಂಡು ಯುದ್ಧದಲ್ಲಿ ಬೇಡ ಅಂತ 1899ರಲ್ಲಿ ಹೇಗ್‌ನಲ್ಲಿ ಒಪ್ಪಂದವಾಗಿತ್ತು. ಅಂಥ ಗುಂಡಿಗೆ ದಮ್‌ದಮ್ ಅನ್ನೋ ಹೆಸರು ಬಂದದ್ದು ಕಲ್ಕತ್ತಾ ಪಕ್ಕದ ದಮ್‌ದಮ್ ಕಾರ್ಖಾನೆಯಿಂದ.

ಸೀಸ ಮೆತ್ತದಿರಲಿ ಅಂತ ಹಚ್ಚುವ ಜಿಡ್ಡಿನ ಕತೆ ಇನ್ನೂ ದೊಡ್ಡದು. 1857ರಲ್ಲಿ ಎನ್‌ಫೀಲ್ಡ್ ರೈಫಲಿನ ಕಾಗದದ ತೋಟಾಕ್ಕೆ ಸವರಿದ ಕೊಬ್ಬಿನ ಬಗ್ಗೆ ಎದ್ದ ಗುಮಾನಿ ಎಲ್ಲಿಗೆ ಹೋಗಿ ಮುಟ್ಟಿತು ಅಂತ ಹೇಳಬೇಕಿಲ್ಲ. ಅದೇ ವರ್ಷ ಇಂಗ್ಲಿಷರು ಆಯುಧ ಒಪ್ಪಿಸಿ ಅಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪದೆ ತಿರುಗಿಬಿದ್ದರು. ಎಸ್ಸೆಸ್ಸೆಲ್ಸಿ ಕನ್ನಡದಲ್ಲಿ ಆ ಲಾವಣಿ ಓದಿದ ನಾವು, ಅದು ಆಯುಧ ಕಾನೂನಿನ ಕತೆ ಅಂತ ಆಗ ಗಮನಿಸಿರಲಿಲ್ಲ. 1878ರಲ್ಲಿ ಆಯುಧ ಕಾಯ್ದೆ ಬಂತು. ಸ್ವತಂತ್ರ ಭಾರತ 1959ರಲ್ಲಿ ತನ್ನದನ್ನು ಬರೆಯಿತು.

ಗೆಳೆಯನ ಟ್ರಂಕು ಸಿಕ್ಕಿಕೊಳ್ಳುವುದು ಇಲ್ಲೇ. ಚನ್ನರಾಯಪಟ್ಟಣದ ಕಡೆ ತೆಂಗಿನ ತೋಟದವರ ಹತ್ತಿರ ಇರುವ ಕೋವಿಗೆ ಜಿಲ್ಲಾಡಳಿತವೇ ಪರವಾನಗಿ ಕೊಡುತ್ತೆ. ಎಲೆಕ್ಷನ್ ಬಂದರೆ ಠಾಣೆಗೆ ಕೊಟ್ಟು, ಮುಗಿದ ಮೇಲೆ ತರ್ತಾರೆ. .380, .455, 9 ಎಂಎಂನಂಥ ಸೈನ್ಯದ ತೋಟಾ ಹಿಡಿಸುವ ಪಿಸ್ತೂಲು ರಿವಾಲ್ವರುಗಳು ಮಾತ್ರ ನಿಷೇಧಿತ ಬೋರ್. ಅದಕ್ಕೆ ದೆಹಲಿಯ ಗೃಹ ಸಚಿವಾಲಯವೇ ಒಪ್ಪಬೇಕು. ನಮ್ಮ ಆರ್ಡ್‌ನೆನ್ಸ್ ಕಾರ್ಖಾನೆಗಳು ಜನಕ್ಕೆ .32 ರಿವಾಲ್ವರ್, .315 ರೈಫಲ್ ಮಾಡುವುದೂ ಈ ಲೆಕ್ಕದಿಂದಲೇ: ಸೈನ್ಯದ ತೋಟಾ ಇವಕ್ಕೆ ಹಿಡಿಸಬಾರದು. ಸೈನ್ಯವೇ ತನಗೆ ಬೇಡವಾದ ಆಯುಧಗಳನ್ನು ತನ್ನವರಿಗೆ ಮಾರುವ ಪದ್ಧತಿಯೂ ಇತ್ತು. ಹಾಗೆ ಕೊಂಡ ಕೆಲವರು ಹೊರಗಿನವರಿಗೆ ಮಾರಿಕೊಂಡರು ಅನ್ನುವ ರಾಜಸ್ಥಾನದ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು.

"ಕೊನಣೂರು ದಾಟಿದ್ರೆ ಕೊಡಗು, ಅಲ್ಲಿ ಲೈಸೆನ್ಸೇ ಬೇಡ" ಅಂದ ಗೆಳೆಯ. ಅರ್ಧ ನಿಜ. ಆ ವಿನಾಯಿತಿ ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ. ಬ್ರಿಟಿಷರ ಕಾಲದಿಂದ ಬಂದದ್ದು, 2019ರಲ್ಲಿ ಹತ್ತು ವರ್ಷ ಮುಂದುವರಿಸಿದ್ದಾರೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಅರಕಲಗೂಡಿನ ಗೌಡರ ಮನೆ ಟ್ರಂಕಿಗೆ ಅದು ಬರಲ್ಲ.

ಗುಂಡು ಎರಕ ಹೊಯ್ಯೋ ಮಾತಂತೂ ಬಾಯಲ್ಲೂ ಬೇಡ. ಕಾಯ್ದೆಯ ಪ್ರಕಾರ ಮದ್ದುಗುಂಡು ಅಂದರೆ ಅದರ ಬಿಡಿಭಾಗವೂ ಸೇರಿತು. ಪರವಾನಗಿ ಇಲ್ಲದೆ ತಯಾರಿಸಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಜೀವಾವಧಿ ತನಕವೂ ಹೋಗಬಹುದು. ಅಮೆರಿಕದ ಹವ್ಯಾಸಿಗಳಿಗೆ ಇದು ಶನಿವಾರ ಮಧ್ಯಾಹ್ನದ ಕಾಲಕ್ಷೇಪ; ಅವರೂ ಸೀಸದ ಪುಡಿ ಕೈಗಂಟದ ಹಾಗೆ ನೋಡಿಕೊಳ್ಳಬೇಕು, ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಅನ್ನುವ ಮಿತಿಯೇ ಇಲ್ಲ.

ಫೋಟೋದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ರಿವಾಲ್ವರ್ ಅಲ್ಲ, ಆ ಆರು ತಿಂಗಳು. ಲೈಸೆನ್ಸ್ ತಾತನ ಹೆಸರಿನದು, ಅವರ ಜೊತೆಗೇ ಹೋಯಿತು. ಆಮೇಲೆ ಮನೆಯಲ್ಲಿ ಆಯುಧ ಇಟ್ಟುಕೊಳ್ಳುವವರು ತಪ್ಪಿತಸ್ಥರಾಗುತ್ತಾರೆ. ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಠಾಣೆಗೋ ಪರವಾನಗಿ ಇರುವ ಆಯುಧ ವ್ಯಾಪಾರಿಗೋ ಒಪ್ಪಿಸಬೇಕು. 2016ರ ನಿಯಮಗಳಲ್ಲಿ ವಾರಸುದಾರರು ಪರವಾನಗಿ ಕೇಳೋಕೆ ದಾರಿ ಇದೆ. ಅಷ್ಟೇ ಅಲ್ಲ, ಇರುವಾಗಲೇ, 70 ವರ್ಷ ತುಂಬಿದರೆ ಅಥವಾ ಆಯುಧ ಇಟ್ಟುಕೊಂಡು 25 ವರ್ಷ ಆಗಿದ್ದರೆ, ಯಾರಿಗೆ ಹೋಗಬೇಕು ಅಂತ ಹೆಸರು ಸೂಚಿಸಬಹುದು. ನಿಮ್ಮ ಮನೆಯಲ್ಲಿ ವಯಸ್ಸಾದವರ ಹೆಸರಿನಲ್ಲಿ ಕೋವಿ ಇದ್ದರೆ ಈ ಊರಿಗೆ ಹೋದಾಗ ಲೈಸೆನ್ಸ್ ಪುಸ್ತಕ ಒಮ್ಮೆ ತೆಗೆದು ನೋಡಿ.

ಗೆಳೆಯ ಅವತ್ತೇ ರಾತ್ರಿ ಮನೆಗೆ ಫೋನ್ ಮಾಡಿದ. "ಅಪ್ಪಾಜಿ, ಅದನ್ನ ಯಾರೂ ಮುಟ್ಬೇಡಿ, ನಾಳೆ ಬೆಳಿಗ್ಗೇನೇ ವಕೀಲರ ಹತ್ರ ಹೋಗಿ." ವಕೀಲರನ್ನು ಜೊತೆಗೆ ಕರಕೊಂಡು ಅವರಪ್ಪ ಠಾಣೆಗೆ ಹೋದರು. ತಡ ಯಾಕಾಯ್ತು ಅಂತ ಬರೆದುಕೊಟ್ಟರು, ಒಂದು ಮಧ್ಯಾಹ್ನ ಪೂರ್ತಿ ಬೆಂಚಿನ ಮೇಲೆ ಕೂತರು, ಸಂಜೆ ರಸೀದಿ ತಗೊಂಡು ಬಂದರು. ವಾರಸುದಾರರ ಅರ್ಜಿ ಹಾಕಬೇಕೋ ಬೇಡವೋ ಅಂತ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅಜ್ಜಿಗೆ ಅದು ವಾಪಸ್ ಬೇಕು, ಅಮ್ಮನಿಗೆ ಬೇಡ. ರಸೀದಿ ಮಾತ್ರ ತಾತನ ಟ್ರಂಕಿನಲ್ಲಿ, ಆ ಹಸಿರು ಬಟ್ಟೆ ಮೇಲೇ ಇದೆ.