ಮಾಟಗಾರನ ಮೇಲೆ ಎಫ್‌ಐಆರ್

ಪ್ರಶ್ನೆ: ಈಗಿನ ಬೆಂಗಳೂರಿನಲ್ಲಿ ನಡೆಯುವ ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಮಾಟ ಮಾಡಿ ಕೊಲ್ಲುವವನನ್ನು ಹಿಡಿಯಲು ಪೊಲೀಸರಿಗೆ ಯಾವ ಸಲಕರಣೆ ಕೊಡಲಿ?

ಉತ್ತರ: ಬೆಳ್ಳಿ ಗುಂಡು, ಮಂತ್ರಿಸಿದ ಬೇಡಿ ಅಂತ ಶುರು ಹಚ್ಚಿಕೊಳ್ಳಬೇಡಿ. ಮಾಟಕ್ಕೆ ಏನು ತಡೆ, ಏನು ನಷ್ಟ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಬೆನ್ ಆರೊನೊವಿಚ್ 2011ರ ‘ರಿವರ್ಸ್ ಆಫ್ ಲಂಡನ್’ ಕಾದಂಬರಿಯಲ್ಲಿ ಮಾಡಿದ್ದು ಇದನ್ನೇ. ಅಲ್ಲಿ ಲಂಡನ್ನಿನ ಪೇದೆ ಪೀಟರ್ ಗ್ರಾಂಟ್ ಮಂತ್ರ ಕಲಿಯುತ್ತಾನೆ. ಮಂತ್ರ ಹಾಕಿದರೆ ಜೇಬಿನ ಮೊಬೈಲಿನ ಚಿಪ್ ಮರಳಿನಂತೆ ಪುಡಿಯಾಗುತ್ತದೆ! ಅವನು ಸುಮ್ಮನಿರುವ ಆಸಾಮಿಯಲ್ಲ. ಕ್ಯಾಲ್ಕುಲೇಟರುಗಳನ್ನಿಟ್ಟು ಪರೀಕ್ಷಿಸಿ, ವಿದ್ಯುತ್ ಹರಿಯದಿದ್ದರೆ ಚಿಪ್ ಉಳಿಯುತ್ತದೆಂದು ಕಂಡುಕೊಳ್ಳುತ್ತಾನೆ. ಆಮೇಲೆ ಬ್ಯಾಟರಿ ಸಂಪರ್ಕ ಕಡಿಯುವುದೇ ಅವನ ರಕ್ಷಾಕವಚ. ಮಾಟದ ಜಾಡು ಹಿಡಿಯಲು ಟೋಬಿ ಎಂಬ ಪುಟ್ಟ ನಾಯಿಯಿದೆ.

ನಿಮ್ಮ ನಿಜವಾದ ತಲೆನೋವು ಕೋರ್ಟಿನದು. ಕರ್ನಾಟಕದಲ್ಲಿ ವಾಮಾಚಾರ ತಡೆಯುವ 2017ರ ಕಾಯ್ದೆ 2020ರಲ್ಲಿ ಜಾರಿಗೆ ಬಂತು. ಮಾಟದ ಹೆಸರಿನಲ್ಲಿ ನಡೆಯುವ ಹಿಂಸೆ, ಶೋಷಣೆಗೆ ಅದರಲ್ಲಿ ಶಿಕ್ಷೆಯಿದೆ. ಮಾಟ ಫಲಿಸಿತೆಂದು ಯಾರೂ ರುಜುವಾತು ಮಾಡಬೇಕಿಲ್ಲ. ನಿಮ್ಮ ಕಥೆಯಲ್ಲೋ ಅದು ಫಲಿಸುತ್ತದೆ. ಇನ್‌ಸ್ಪೆಕ್ಟರ್ ಪಂಚರ ಸಮಕ್ಷಮ ಮಹಜರು ಬರೆದು, ಸೂಜಿ ಚುಚ್ಚಿದ ನಿಂಬೆಹಣ್ಣಿಗೆ ಅರಗಿನ ಸೀಲು ಹಾಕಿ ವಿಧಿವಿಜ್ಞಾನ ಪ್ರಯೋಗಾಲಯವಾದ ಎಫ್‌ಎಸ್‌ಎಲ್‌ಗೆ ಕಳಿಸುತ್ತಾರೆ ಅನ್ನಿ. ವಿಷವಿಲ್ಲ, ರಕ್ತವಿಲ್ಲ, ಬರೀ ನಿಂಬೆಹಣ್ಣು ಎಂದು ವರದಿ ಬರುತ್ತದೆ. ಆರೋಪಿಗೆ ಜಾಮೀನು ಸಲೀಸು.

ಆದ್ದರಿಂದ ಮೊದಲು ನ್ಯಾಯಾಲಯ ಒಪ್ಪುವಂಥ ಒಬ್ಬ ಮಾಟತಜ್ಞನನ್ನು ಪ್ರಯೋಗಾಲಯಕ್ಕೆ ನೇಮಿಸಿ. ಬಂದೂಕಿನ ವಿಚಾರ ಆಮೇಲೆ ನೋಡಿಕೊಳ್ಳಿ.