ಮನೆಗೊಂದು ಪಿನ್‌ಬಾಲ್ ಬೇಕೇ?

ವಿಂಡೋಸ್ ಎಕ್ಸ್‌ಪಿ ಕಾಲದ ಕಂಪ್ಯೂಟರಿನ ಮುಂದೆ ಕೂತವರಿಗೆ ಪಿನ್‌ಬಾಲ್ ಏನೆಂದು ಹೊಸದಾಗಿ ಹೇಳಬೇಕಾಗಿಲ್ಲ. ಸಾಲಿಟೇರ್, ಮೈನ್‌ಸ್ವೀಪರ್‌ಗಳ ಪಕ್ಕದಲ್ಲೇ ‘ಸ್ಪೇಸ್ ಕೆಡೆಟ್’ ಎಂಬ ಪಿನ್‌ಬಾಲ್ ಆಟವೂ ಇರುತ್ತಿತ್ತು. ಎಡಗೈ ಬೆರಳು ಝಡ್ ಮೇಲೆ, ಬಲಗೈ ಬೆರಳು ಓರೆಗೆರೆಯ ಕೀ ಮೇಲೆ. ಸ್ಪೇಸ್‌ಬಾರ್ ಒತ್ತಿ ಹಿಡಿದು ಬಿಟ್ಟರೆ ಗುಂಡು ಚಿಮ್ಮುತ್ತಿತ್ತು. ಸೈಬರ್ ಕೆಫೆಯಲ್ಲಿ ನೆಟ್ ಬರುವ ತನಕ, ಆಫೀಸಿನಲ್ಲಿ ಮ್ಯಾನೇಜರ್ ಬರುವ ತನಕ ಆಡುತ್ತಿದ್ದ ಆಟ ಅದು. ವಿಸ್ಟಾ ಬಂದಾಗ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ನಮ್ಮ ವಯಸ್ಸಿನ ಅನೇಕರಿಗೆ ಪಿನ್‌ಬಾಲ್ ಜೊತೆಗಿನ ನಂಟು ಅಲ್ಲಿಗೇ ಮುಗಿಯಿತು.

ಈಗ ಆ ಹಳೆಯ ಹುಚ್ಚನ್ನು ಕೆದಕುವ ವಸ್ತುವೊಂದಿದೆ, ವರ್ಚುವಲ್ ಪಿನ್‌ಬಾಲ್. ಹೊರಗಿನಿಂದ ಅಪ್ಪಟ ಪಿನ್‌ಬಾಲ್ ಯಂತ್ರವೇ: ನಾಲ್ಕು ಕಾಲು, ಉದ್ದನೆಯ ಪೆಟ್ಟಿಗೆ, ಹಿಂದೆ ಎದ್ದು ನಿಂತ ತಲೆ, ಎರಡೂ ಬದಿಗೆ ಬಟನ್. ಒಳಗೆ ಮಾತ್ರ ಮರದ ಹಲಗೆಯೂ ಇಲ್ಲ, ಉಕ್ಕಿನ ಗುಂಡೂ ಇಲ್ಲ. ಅದರ ಜಾಗದಲ್ಲಿ ಮಲಗಿಸಿಟ್ಟ ಟಿವಿ, ಅದರಡಿ ಒಂದು ಕಂಪ್ಯೂಟರ್. ನಿಜವಾದ ಯಂತ್ರದಲ್ಲಿ ಒಂದೇ ಆಟ. ಇದರಲ್ಲಿ ಹತ್ತಾರು, ಕೆಲವೊಮ್ಮೆ ನೂರಾರು. ಒಂದೊಂದು ಆಟಕ್ಕೂ ‘ಟೇಬಲ್’ ಎನ್ನುತ್ತಾರೆ.

ಪುಣೆಯಲ್ಲಿರುವ ನಮ್ಮ ಭಾವನಿಗೆ ಈ ಆಸೆ ಹತ್ತಿ ಆರು ತಿಂಗಳಾಯಿತು. ಅಕ್ಕ ಒಪ್ಪುತ್ತಿಲ್ಲ. “ಅಲ್ರೀ, ಮೊದಲ ಆ ಟ್ರೆಡ್‌ಮಿಲ್ ಮ್ಯಾಲಿನ ಅರಿವಿ ತಗೀರಿ, ಆಮ್ಯಾಲೆ ಪಿನ್‌ಬಾಲ್ ಮಾತು” ಎನ್ನುವುದು ಅವಳ ಮೊದಲ ವಾದ. ಅದಕ್ಕೆ ಭಾವ ನಗುತ್ತಾರೆ. ಎರಡನೆಯ ವಾದಕ್ಕೆ ನಗುವುದಿಲ್ಲ: “ಅತ್ತಿಯವರು ಬಂದ್ರ ದಿವಾನ ಎಲ್ಲೆ ಹಾಕೂದು?”

ಭಾವನ ತಾಯಿ ದೀಪಾವಳಿ ಮುಗಿಸಿ ಹುಬ್ಬಳ್ಳಿಯಿಂದ ಬಂದರೆ ಯುಗಾದಿಯ ತನಕ ಇರುತ್ತಾರೆ. ಎರಡು ಬೆಡ್‌ರೂಮಿನ ಬಾಡಿಗೆ ಫ್ಲ್ಯಾಟ್. ಹಾಲ್‌ನಲ್ಲಿ ಬಾಲ್ಕನಿ ಪಕ್ಕದ ಮೂಲೆ ಅವರದು. ಪೂರ್ಣ ಅಳತೆಯ ಪಿನ್‌ಬಾಲ್ ಪೆಟ್ಟಿಗೆ ಸುಮಾರು 140 ಸೆಂಟಿಮೀಟರ್ ಉದ್ದ, ತಲೆಯ ಭಾಗ 70 ಸೆಂಟಿಮೀಟರಿಗೂ ತುಸು ಹೆಚ್ಚು ಅಗಲ, ಎತ್ತರ ಆಳಿನಷ್ಟು. ಮುಂದೆ ನಿಂತು ಆಡಲು ಇನ್ನೆರಡು ಅಡಿ ಬೇಕು. ಎಲ್ಲ ಸೇರಿದರೆ ಏಳು ಅಡಿ ಉದ್ದ, ಎರಡೂವರೆ ಅಡಿ ಅಗಲ. ಅಂದರೆ ಸರಿಯಾಗಿ ಒಂದು ದಿವಾನದ ಜಾಗ! ಟೇಪು ಹಿಡಿದು ಅಳೆದ ಮೇಲೆ ನನಗೂ ಅಕ್ಕನ ಮಾತಿನ ತೂಕ ತಿಳಿಯಿತು. ಮುಕ್ಕಾಲು ಅಳತೆಯವು ಸಿಗುತ್ತವೆ, 24 ಇಂಚಿನ ಪರದೆಯವು. ಆದರೆ ಅದರಲ್ಲಿ ಗುಂಡು ಕಡಲೆಕಾಳಿನಷ್ಟು ಚಿಕ್ಕದಾಗಿ ಕಾಣುತ್ತದೆ. ನಲವತ್ತೈದು ದಾಟಿದ ಕಣ್ಣಿಗೆ ಅದೊಂದು ಶಿಕ್ಷೆ.

ಹಾಗಾದರೆ ನಿಜವಾದ ಯಂತ್ರವನ್ನೇ ಏಕೆ ಕೊಳ್ಳಬಾರದು ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಬೇಗ ಸಿಗುತ್ತದೆ. ಪೂರ್ಣ ಪ್ರಮಾಣದ ಹೊಸ ಯಂತ್ರಕ್ಕೆ ಅಮೆರಿಕದಲ್ಲೇ ಆರೇಳು ಸಾವಿರ ಡಾಲರ್ ಆಗುತ್ತದೆ. ಹಡಗಿನ ಖರ್ಚು ಬೇರೆ. ಕಸ್ಟಮ್ಸ್ ಸುಂಕ ಮತ್ತು ತೆರಿಗೆಯನ್ನು ಆ ಖರ್ಚನ್ನೂ ಸೇರಿಸಿದ ಮೊತ್ತದ ಮೇಲೆ ಹಾಕುತ್ತಾರೆ. ತೂಕ ನೂರು ಕಿಲೋ ಮೀರುತ್ತದೆ. ಒಳಗೆ ರಬ್ಬರ್ ಉಂಗುರ, ಕಾಯಿಲ್, ಸ್ವಿಚ್, ನೂರಾರು ತಂತಿ. ಗುಂಡು ಉರುಳಿ ಉರುಳಿ ಹಲಗೆ ಕೊಳೆಯಾಗುತ್ತದೆ, ಒರೆಸಿ ವ್ಯಾಕ್ಸ್ ಹಚ್ಚುತ್ತಿರಬೇಕು. ಕೆಟ್ಟರೆ ನಮ್ಮ ಊರುಗಳಲ್ಲಿ ರಿಪೇರಿಯವನನ್ನು ಎಲ್ಲಿ ಹುಡುಕುವುದು? ಹನ್ನೊಂದು ತಿಂಗಳ ಕರಾರಿನ ಮನೆಯಲ್ಲಿದ್ದು, ಕೆಲಸ ಕರೆದಲ್ಲಿಗೆ ಗಂಟುಮೂಟೆ ಕಟ್ಟುವ ನಮ್ಮಂಥವರು ಪ್ಯಾಕರ್ಸ್‌ನವರ ಮುಂದೆ ಅದನ್ನು ನಿಲ್ಲಿಸಿದರೆ ಅವರು ಕೇಳುವ ರೇಟಿಗೇ ಆಟ ಮುಗಿಯುತ್ತದೆ. ಹಾಗಾಗಿ ಪ್ರಶ್ನೆ ಉಳಿಯುವುದು ವರ್ಚುವಲ್‌ನದ್ದೇ. ಅದು ಕೊಡುವ ಸುಖ ಅಸಲಿಯೋ ನಕಲಿಯೋ?

ಇದಕ್ಕೆ ಪಿನ್‌ಬಾಲ್‌ನ ಸುಖ ಎಲ್ಲಿದೆ ಎಂದು ಮೊದಲು ನೋಡಬೇಕು. ಮೊಳೆ ಹೊಡೆದ ಹಲಗೆಯ ಮೇಲೆ ಗುಂಡು ಉರುಳಿಸುವ ಬಗಟೆಲ್ ಬೋರ್ಡ್ ನಮ್ಮಲ್ಲಿ ಕೆಲವು ಮನೆಗಳಲ್ಲಿ ಕೇರಂ ಬೋರ್ಡಿನ ಹಿಂದೆ ಒರಗಿರುತ್ತಿತ್ತಲ್ಲ, ಪಿನ್‌ಬಾಲ್‌ನ ಮೂಲ ಅದೇ. ಸಿನ್ಸಿನಾಟಿಯಲ್ಲಿದ್ದ ಮಾಂಟೇಗ್ಯೂ ರೆಡ್‌ಗ್ರೇವ್ 1871ರಲ್ಲಿ ಬಗಟೆಲ್‌ಗೆ ಸ್ಪ್ರಿಂಗಿನ ಹಿಡಿಕೆ ಜೋಡಿಸಿ ಪೇಟೆಂಟ್ ಪಡೆದ. ಆಗಲೂ ಗುಂಡು ಬಿಟ್ಟ ಮೇಲೆ ಆಡುವವನಿಗೆ ಹೆಚ್ಚಿನ ಕೆಲಸವಿರಲಿಲ್ಲ. 1947ರಲ್ಲಿ ಶಿಕಾಗೋದ ಗಾಟ್ಲೀಬ್ ಕಂಪನಿ ‘ಹಂಪ್ಟಿ ಡಂಪ್ಟಿ’ ಎಂಬ ಯಂತ್ರಕ್ಕೆ ಆರು ಫ್ಲಿಪ್ಪರ್‌ಗಳನ್ನು, ಅಂದರೆ ಗುಂಡನ್ನು ಮೇಲಕ್ಕೆ ಹೊಡೆಯುವ ರೆಕ್ಕೆಗಳನ್ನು ಇಟ್ಟ ಮೇಲೆ ಅದು ಕೈಚಳಕದ ಆಟವಾಯಿತು. ಆದರೂ ಜೂಜಿನ ಹೆಸರು ಅಂಟಿಕೊಂಡೇ ಇತ್ತು. ನ್ಯೂಯಾರ್ಕ್ ನಗರವಂತೂ 1942ರಿಂದ ಇದನ್ನು ನಿಷೇಧಿಸಿ, ಯಂತ್ರಗಳನ್ನು ಸುತ್ತಿಗೆಯಿಂದ ಒಡೆಸಿತ್ತು. 1976ರಲ್ಲಿ ರೋಜರ್ ಶಾರ್ಪ್ ಎಂಬಾತ ನಗರಸಭೆಯ ಸಮಿತಿಯ ಮುಂದೆ ಯಂತ್ರ ಇಟ್ಟು ಆಡಿ, ಗುಂಡು ನಡುವಿನ ದಾರಿಯಲ್ಲೇ ಇಳಿಯುತ್ತದೆಂದು ಮೊದಲೇ ಹೇಳಿ, ಹಾಗೆಯೇ ಇಳಿಸಿದ. ಆ ವರ್ಷವೇ ನಿಷೇಧ ಹೋಯಿತು.

ಪಿನ್‌ಬಾಲ್‌ನ ಜೀವ ಇರುವುದು ಹೀಗೆ ಅಂದುಕೊಂಡಂತೆ ಇಳಿಸುವುದರಲ್ಲಿ. ವರ್ಚುವಲ್ ಯಂತ್ರದಲ್ಲಿ ಅದಕ್ಕೆ ದೊಡ್ಡ ಶತ್ರು ಚಿತ್ರದ ಗುಣಮಟ್ಟ ಅಲ್ಲ, ತಡ. ನೀವು ಬಟನ್ ಒತ್ತಿದ ಕ್ಷಣಕ್ಕೂ ರೆಕ್ಕೆ ಎದ್ದಂತೆ ಕಾಣುವ ಕ್ಷಣಕ್ಕೂ ನಡುವಿನ ಅಂತರ. ಸಾಧಾರಣ ಟಿವಿ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುತ್ತದೆ, ಅಂದರೆ ಸುಮಾರು 17 ಮಿಲಿಸೆಕೆಂಡಿಗೊಮ್ಮೆ. ಗುಂಡು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಓಡುತ್ತಿದ್ದರೆ ಅಷ್ಟರಲ್ಲೇ 3 ಸೆಂಟಿಮೀಟರಿಗಿಂತ ಹೆಚ್ಚು ಸಾಗಿರುತ್ತದೆ. ನಿಜವಾದ ಪಿನ್‌ಬಾಲ್ ಗುಂಡಿನ ಅಡ್ಡಳತೆಯೇ 2.7 ಸೆಂಟಿಮೀಟರ್! ಇದರ ಮೇಲೆ ಟಿವಿ ಚಿತ್ರವನ್ನು ಚೆಂದಗೊಳಿಸಲು ತೆಗೆದುಕೊಳ್ಳುವ ಸಮಯ ಬೇರೆ. ಸಿನಿಮಾ ನೋಡುವಾಗ ಅದು ಗೊತ್ತೇ ಆಗುವುದಿಲ್ಲ. ಇಲ್ಲಿ ಪ್ರತಿ ಸಲವೂ ಕೂದಲೆಳೆಯಲ್ಲಿ ಗುಂಡು ತಪ್ಪಿಹೋಗುತ್ತದೆ. ಹಾಗಾಗಿ ಮಾರುವವನು ಎಷ್ಟು ಟೇಬಲ್ ಇವೆ ಎಂದು ಹೇಳಲು ಹೊರಟರೆ ತಡೆದು, ಪರದೆ 120 ಹರ್ಟ್ಸ್‌ನದ್ದೇ, ಗೇಮ್ ಮೋಡ್ ಇದೆಯೇ ಎಂದು ಕೇಳಿ. ಪಿನ್‌ಬಾಲ್ ಪರದೆಯನ್ನು ಎದುರಿನಿಂದ ನೋಡುವುದಿಲ್ಲ, ಒಂದು ತುದಿಯಲ್ಲಿ ನಿಂತು ಓರೆಯಾಗಿ ನೋಡುತ್ತೇವೆ. ಓರೆಯಿಂದ ಬಣ್ಣ ಮಸುಕಾಗುವ ಪರದೆಯಾದರೆ ಆ ತುದಿಯ ಅರ್ಧ ಟೇಬಲ್ ಮಬ್ಬು.

ಇನ್ನೊಂದು ಸಂಗತಿ ತಳ್ಳುವುದು. ಅನುಭವಿ ಆಟಗಾರ ಬಟನ್ ಒತ್ತುವುದಷ್ಟೇ ಅಲ್ಲ, ಗುಂಡು ಜಾರುವಾಗ ಸೊಂಟ ಕೈ ಕೊಟ್ಟು ಯಂತ್ರವನ್ನೇ ಮೆಲ್ಲಗೆ ನೂಕುತ್ತಾನೆ. ಅತಿಯಾಗಿ ನೂಕಿದರೆ ‘ಟಿಲ್ಟ್’. ಹಳೆಯ ಯಂತ್ರಗಳ ಒಳಗೆ, ಗೋಡೆ ನೇರವಿದೆಯೇ ಎಂದು ನೋಡಲು ಗಾರೆಯವನು ದಾರದಲ್ಲಿ ಇಳಿಬಿಡುವ ಗುಂಡಿನಂಥದ್ದೇ ಒಂದು ತೂಗುತ್ತಿರುತ್ತದೆ. ಅದು ಸುತ್ತಲಿನ ಬಳೆಗೆ ತಾಗಿತೋ, ರೆಕ್ಕೆಗಳು ಸತ್ತವು, ಆ ಗುಂಡು ಹೋಯಿತು. ಎಷ್ಟು ನೂಕಬಹುದು, ಎಲ್ಲಿ ನಿಲ್ಲಿಸಬೇಕು ಎಂಬ ಈ ಚೌಕಾಸಿ ಪಿನ್‌ಬಾಲ್‌ನಲ್ಲಿ ನನಗೆ ಅತಿ ಇಷ್ಟದ ಭಾಗ. ಒಳ್ಳೆಯ ವರ್ಚುವಲ್ ಪೆಟ್ಟಿಗೆಯಲ್ಲಿ ಇದಕ್ಕೆಂದು ಫೋನಿನಲ್ಲಿರುವಂಥ ಚಲನೆಯ ಸೆನ್ಸರ್ ಇರುತ್ತದೆ; ನೂಕಿದಷ್ಟು ಚಿತ್ರದ ಗುಂಡು ಅಲುಗುತ್ತದೆ. ಪೆಟ್ಟಿಗೆ ಹಗುರವಾಗಿದ್ದರೆ ಮಾತ್ರ ಗುಂಡಿಗಿಂತ ಮೊದಲು ಪೆಟ್ಟಿಗೆಯೇ ಟೈಲ್ಸ್ ಮೇಲೆ ಜಾರುತ್ತದೆ. ರೆಕ್ಕೆ ಎದ್ದಾಗ ಕೈಗೆ ‘ಟಕ್’ ಎಂದು ತಾಗಲು ಒಳಗೆ ಸೊಲೆನಾಯ್ಡ್‌ಗಳನ್ನೂ ಇಡುತ್ತಾರೆ. ಆ ಸುಖ ದೊಡ್ಡದೇ. ಆದರೆ ರಾತ್ರಿ ಹತ್ತರ ಮೇಲೆ ಕೆಳಗಿನ ಫ್ಲ್ಯಾಟಿನವರಿಗೆ ಅದು ಯಾರೋ ಒರಳಲ್ಲಿ ಕುಟ್ಟಿದ ಹಾಗೆ ಕೇಳುತ್ತದೆ. ಅದನ್ನು ಆರಿಸುವ ಸ್ವಿಚ್ ಇಲ್ಲದ ಯಂತ್ರವನ್ನು ಸೊಸೈಟಿ ಮನೆಗೆ ತರಬೇಡಿ.

ನೂರಾರು ಟೇಬಲ್ ಎಂಬ ಆಮಿಷದ ಬಗ್ಗೆಯೂ ಒಂದು ಮಾತು. ರ‍್ಯಾಂಡಿ ಡೇವಿಸ್ ಮಾಡಿದ ‘ವಿಷುವಲ್ ಪಿನ್‌ಬಾಲ್’ ಎಂಬ ಉಚಿತ ತಂತ್ರಾಂಶ 2000ದ ಸುಮಾರಿಗೆ ಬಂತು. ಅದರ ಮೇಲೆ ಹವ್ಯಾಸಿಗಳು ಹಳೆಯ ಯಂತ್ರಗಳನ್ನು ಒಂದೊಂದಾಗಿ ಮರುಸೃಷ್ಟಿಸಿ ಪುಕ್ಕಟೆ ಹಂಚಿದ್ದಾರೆ. ಅದನ್ನೇ ಹಾರ್ಡ್‌ಡಿಸ್ಕಿಗೆ ತುಂಬಿ ಪೆಟ್ಟಿಗೆಯ ಜೊತೆ ಮಾರುವವರೂ ಇದ್ದಾರೆ. ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಡಬೇಡಿ. ಕಂಪನಿಗಳು ಪರವಾನಗಿ ಪಡೆದು ಮಾರುವ ಟೇಬಲ್‌ಗಳ ಕಷ್ಟ ಬೇರೆ. ಫಾರ್‌ಸೈಟ್ ಕಂಪನಿಯ ‘ಪಿನ್‌ಬಾಲ್ ಆರ್ಕೇಡ್’ನಲ್ಲಿದ್ದ ವಿಲಿಯಮ್ಸ್, ಬ್ಯಾಲಿ ಟೇಬಲ್‌ಗಳ ಪರವಾನಗಿ 2018ರ ಜೂನ್ ಕೊನೆಗೆ ಮುಗಿದು ಅವು ಮಾರಾಟದಿಂದಲೇ ಹೋದವು, ಅದೇ ವರ್ಷ ಝೆನ್ ಸ್ಟುಡಿಯೋಸ್ ಅದೇ ಹೆಸರುಗಳನ್ನು ತನ್ನ ಆಟದಲ್ಲಿ ತಂದಿತು. ಪೆಟ್ಟಿಗೆ ನಿಮ್ಮ ಹಾಲ್‌ನಲ್ಲಿದ್ದರೂ ಒಳಗಿನ ಆಟ ಎಂದೆಂದೂ ಸಿಗುತ್ತದೆ ಎಂದುಕೊಳ್ಳುವಂತಿಲ್ಲ. ಕಂಪನಿ ಸರ್ವರ್ ಮುಚ್ಚಿದರೂ, ನೆಟ್ ಇಲ್ಲದಿದ್ದರೂ ಎಷ್ಟು ಟೇಬಲ್ ಓಡುತ್ತವೆ ಎಂದು ಬರೆಸಿಕೊಳ್ಳಿ. ಅಮೆರಿಕದಿಂದ ಯಾರಾದರೂ ತರಿಸಿಕೊಡುತ್ತೇನೆಂದರೆ ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230 ಎಂಬುದೂ ನೆನಪಿರಲಿ.

ಭಾವನಿಗೆ ನಾನು ಕೊಟ್ಟ ಸಲಹೆ ಇಷ್ಟು. ಮನೆಯಲ್ಲಿರುವ ಕಂಪ್ಯೂಟರಿಗೇ ಆ ಉಚಿತ ತಂತ್ರಾಂಶ ಹಾಕಿ, ಮಾನಿಟರನ್ನು ಉದ್ದಕ್ಕೆ ನಿಲ್ಲಿಸಿ, ಎರಡು ಶಿಫ್ಟ್ ಕೀಗಳನ್ನೇ ಬಟನ್ ಮಾಡಿಕೊಂಡು ಮೂರು ತಿಂಗಳು ಆಡಿ. ಹತ್ತು ಟೇಬಲ್ ಬೇಡ, ಒಂದೋ ಎರಡೋ. ಒಂದೇ ಟೇಬಲ್ಲಿನ ಒಳಗುಟ್ಟು ಹುಡುಕುವ ಹಟ ಹುಟ್ಟಿದರೆ ನಿಮಗೆ ಪಿನ್‌ಬಾಲ್ ಬೇಕು. ದಿನಕ್ಕೊಂದು ಟೇಬಲ್ ಬದಲಿಸುತ್ತ ಹೋದರೆ ನಿಮಗೆ ಬೇಕಿದ್ದುದು ಸ್ಪೇಸ್ ಕೆಡೆಟ್‌ನ ನೆನಪು, ಅದಕ್ಕೆ ದಿವಾನದ ಜಾಗ ಬೇಡ.

ಹಟ ಹುಟ್ಟಿದರೂ ಪೂರ್ಣ ಪೆಟ್ಟಿಗೆಗೆ ನನ್ನ ಮತವಿಲ್ಲ, ಬಾಡಿಗೆ ಮನೆಯಲ್ಲಂತೂ ಇಲ್ಲ. ಕಾಲು ಬಿಚ್ಚುವ, ತಲೆ ಮಡಚುವ ಹಾಗೆ ಪ್ಲೈವುಡ್‌ನಲ್ಲಿ ಮಾಡಿಸಿಕೊಳ್ಳಬಹುದು. ನಮ್ಮ ಊರುಗಳಲ್ಲಿ ಈ ಲೆಕ್ಕದಲ್ಲಿ ಅಗ್ಗದ ಭಾಗವೆಂದರೆ ಬಡಗಿಯದೇ. ಪರದೆ, ಗ್ರಾಫಿಕ್ಸ್ ಕಾರ್ಡ್, ಸೆನ್ಸರ್ ಬೋರ್ಡ್‌ಗಳನ್ನು ಒಂದೊಂದಾಗಿ ಕೊಂಡರೆ ಯಾವುದು ಕೆಟ್ಟರೂ ಪೇಟೆಯಲ್ಲಿ ಸಿಗುತ್ತದೆ, ಆಟ ಸಾಕೆನಿಸಿದರೆ ಟಿವಿ ಗೋಡೆಗೆ ಹೋಗುತ್ತದೆ. ಅಕ್ಕನಿಗೆ ಹಿಡಿಸಿದ್ದು ಈ ಕೊನೆಯ ಮಾತೊಂದೇ. ಅತ್ತೆ ಈ ಸಲ ದೀಪಾವಳಿಗೆ ಮೊದಲೇ ಬರುವವರಿದ್ದಾರೆ; ಭಾವ ಸದ್ಯಕ್ಕೆ ಮಾನಿಟರ್ ತಿರುಗಿಸುವ ಸ್ಟ್ಯಾಂಡ್ ಮಾತ್ರ ತರಿಸಿದ್ದಾರೆ.